ಪಾಲಿಯೇಟಿವ್ ಎಂದರೆ ಕೈಬಿಡುವುದಲ್ಲ, ಹೊದಿಸುವುದು

ಕಾಸರಗೋಡಿನ ಹಳ್ಳಿಗಳಲ್ಲಿ 'ಪಾಲಿಯೇಟಿವ್‌ನವರು ಬಂದಿದ್ದಾರೆ' ಎಂದರೆ ಯಾರೂ ಅರ್ಥ ಕೇಳುವುದಿಲ್ಲ. ಹಾಸಿಗೆ ಹಿಡಿದವರನ್ನು ನೋಡಲು ನರ್ಸ್ ಬಂದಿದ್ದಾರೆ ಎಂದೇ ಲೆಕ್ಕ. ಆದರೆ ಆಸ್ಪತ್ರೆಯಲ್ಲಿ ವೈದ್ಯರ ಬಾಯಿಂದ ಇದೇ ಪದ ಬಂದಾಗ ಮನೆಯವರ ಎದೆ ಧಸಕ್ಕೆನ್ನುತ್ತದೆ. 'ಇನ್ನು ಚಿಕಿತ್ಸೆಯಿಲ್ಲ' ಎಂದು ಹಲವರು ತಿಳಿಯುತ್ತಾರೆ. ಪದದ ಅರ್ಥ ಅದಲ್ಲ.

ಇದರ ಮೂಲ 'ಪ್ಯಾಲಿಯೇಟ್' ಎಂಬ ಇಂಗ್ಲಿಷ್ ಕ್ರಿಯಾಪದ. ರೋಗವನ್ನು ಬುಡಸಮೇತ ಕೀಳಲಾಗದಿದ್ದರೂ ಅದರ ನೋವು, ಸಂಕಟವನ್ನು ತಗ್ಗಿಸುವುದು ಎಂದರ್ಥ. ಲ್ಯಾಟಿನ್ ಭಾಷೆಯಲ್ಲಿ 'ಪಾಲಿಯಂ' ಎಂದರೆ ಮೈಮೇಲೆ ಹೊದೆಯುವ ಬಟ್ಟೆ. ಅದರಿಂದ ಹುಟ್ಟಿದ ಕ್ರಿಯಾಪದಕ್ಕೆ ಹೊದಿಸು, ಮರೆಮಾಡು ಎಂಬ ಅರ್ಥಗಳು ಬಂದವು. ಹಾಗಾಗಿ ಇಂಗ್ಲಿಷಿನಲ್ಲಿ ತಪ್ಪಿಗೆ ನೆಪ ಹೇಳಿ ಅದನ್ನು ಸಣ್ಣದಾಗಿ ತೋರಿಸುವುದಕ್ಕೂ ಇದೇ ಪದವಿದೆ. ವೈದ್ಯಕೀಯದಲ್ಲಿ ಮಾತ್ರ ಇದು ಬೆಚ್ಚಗಿನ ಹೊದಿಕೆ.

ಇದೇ ಅರ್ಥ ಕೊಡುವ 'ಅಲೀವಿಯೇಟ್' ಪದದ ಮೂಲದಲ್ಲಿರುವುದು 'ಹಗುರ' ಎಂಬ ಲ್ಯಾಟಿನ್ ಮಾತು. ಅದು ಹೊರೆ ಇಳಿಸುತ್ತದೆ, ಇದು ಹೊದಿಸುತ್ತದೆ. ನಮ್ಮ 'ಉಪಶಮನ'ದಲ್ಲಿರುವುದು ಶಾಂತಗೊಳಿಸುವ ಭಾವ.

1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಆರಂಭಿಸಿ ಈ ಆರೈಕೆಗೆ ಹೊಸ ದಾರಿ ತೋರಿಸಿದರು. ಅದನ್ನು ಕೆನಡಾದ ಮಾಂಟ್ರಿಯಲ್‌ಗೆ ತಂದ ವೈದ್ಯ ಬಾಲ್ಫರ್ ಮೌಂಟ್ ಅವರಿಗೆ ಹೆಸರಿನದೇ ತೊಡಕಾಯಿತು. ಅಲ್ಲಿಯ ಫ್ರೆಂಚ್ ಭಾಷಿಕರಿಗೆ 'ಹಾಸ್ಪೈಸ್' ಎಂದರೆ ದಿಕ್ಕಿಲ್ಲದವರ ಆಶ್ರಯ. ಆದ್ದರಿಂದ 1975ರಲ್ಲಿ ತೆರೆದ ತಮ್ಮ ವಾರ್ಡಿಗೆ ಅವರು 'ಪಾಲಿಯೇಟಿವ್ ಕೇರ್' ಎಂಬ ಹೆಸರಿಟ್ಟರು.

ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನಲ್ಲಿ ಪೈನ್ ಆ್ಯಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಹುಟ್ಟಿತು. 2008ರಲ್ಲಿ ರಾಜ್ಯ ಸರಕಾರ ಇದಕ್ಕಾಗಿ ಪ್ರತ್ಯೇಕ ನೀತಿಯನ್ನೇ ತಂದಿತು. ಸ್ಥಳೀಯ ಸಂಸ್ಥೆಗಳ ಮೂಲಕ ಮನೆಮನೆಗೆ ಆರೈಕೆ ತಲುಪಿತು. ಎಂಡೋಸಲ್ಫಾನ್ ದುರಂತದಲ್ಲಿ ನೊಂದ ಕಾಸರಗೋಡಿನ ಕುಟುಂಬಗಳಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಈ ಆರೈಕೆ ಕೊನೆಯ ದಿನಗಳಿಗೆ ಮಾತ್ರ ಮೀಸಲಲ್ಲ. ಕಾಯಿಲೆಯ ಆರಂಭದಿಂದಲೇ, ಕೀಮೋಥೆರಪಿಯಂಥ ಚಿಕಿತ್ಸೆಯ ಜತೆಗೇ ಇದನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲೇ ಹೇಳಿದೆ. ನೋವಿನ ಮಾತ್ರೆ, ಹುಣ್ಣಿನ ಆರೈಕೆ, ರೋಗಿಯ ಮನಸ್ಸಿಗೆ ಧೈರ್ಯ, ಮನೆಯವರಿಗೆ ಆಸರೆ ಎಲ್ಲವೂ ಇದರಲ್ಲಿ ಸೇರಿವೆ. ಆದ್ದರಿಂದ ವೈದ್ಯರು ಈ ಪದ ಹೇಳಿದರೆ ಹೆದರಬೇಕಿಲ್ಲ. ನೋವಿದ್ದೂ ಅವರು ಹೇಳದಿದ್ದರೆ ಮನೆಯವರೇ ಕೇಳಬಹುದು.