ಗಡಿ ದಾಟುವ ಜ್ವರ, ದಾಟದ ಲೆಕ್ಕ

ವಿರಾಜಪೇಟೆಯಿಂದ ಪೆರುಂಬಾಡಿಯ ಮೂಲಕ ಘಾಟಿ ಇಳಿದರೆ ಕಾಡಿನ ನಡುವೆ ಸಿಗುವುದು ಮಾಕುಟ್ಟ. ಅಲ್ಲಿಂದ ಮುಂದೆ ಕೂಟುಪುಳ ಸೇತುವೆ. ಅದರಾಚೆ ಕೇರಳದ ಕಣ್ಣೂರು ಜಿಲ್ಲೆ. ಇಲ್ಲಿನವರಿಗೆ ತಮ್ಮ ತಾಲ್ಲೂಕು ಕೇಂದ್ರಕ್ಕಿಂತ ಇರಿಟ್ಟಿ ಪೇಟೆಯೇ ಹತ್ತಿರ. ಮೈ ಕಾದು, ಕಣ್ಣುಗುಡ್ಡೆಯ ಹಿಂದೆ ನೋವು ಕಾಣಿಸಿಕೊಂಡಾಗ ಘಾಟಿ ಹತ್ತುವುದಕ್ಕಿಂತ ಸೇತುವೆ ದಾಟುವುದು ಸಹಜ. ಹಾಗಾದರೆ ಆ ರೋಗಿಯ ಡೆಂಗಿ ಯಾವ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತದೆ?

ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಸೇವೆಯಲ್ಲಿದ್ದಾಗ ನನಗೂ ಹಾಗೆಯೇ ತೋರಿತ್ತು. ಗಡಿಭಾಗದ ತಾಲ್ಲೂಕೊಂದರ ಸಾಪ್ತಾಹಿಕ ಜ್ವರ ವರದಿಯಲ್ಲಿ ಒಂದು ಗ್ರಾಮದ ಎದುರು ವಾರವಾರವೂ ಸೊನ್ನೆ ಇರುತ್ತಿತ್ತು. ಅದನ್ನು ಆರೋಗ್ಯದ ಲಕ್ಷಣವೆಂದೇ ಓದಿ, ಇದ್ದ ಸಿಬ್ಬಂದಿಯನ್ನೂ ಫಾಗಿಂಗ್ ಯಂತ್ರವನ್ನೂ ಪಟ್ಟಣಕ್ಕೆ ಕಳುಹಿಸಲು ಒಪ್ಪಿಗೆ ನೀಡಿದೆ. ಮಳೆಗಾಲ ಮುಗಿದ ಮೇಲೆ ಬೇರೊಂದು ಕೆಲಸಕ್ಕೆ ಆ ಗ್ರಾಮಕ್ಕೆ ಹೋದಾಗ, ಮನೆಮನೆಯಲ್ಲೂ ನೆರೆರಾಜ್ಯದ ಆಸ್ಪತ್ರೆಯ ಚೀಟಿಗಳನ್ನು ಜನ ತಂದು ತೋರಿಸಿದರು. ಆ ಸೊನ್ನೆಗೆ ಸಹಿ ಹಾಕಿದವನು ನಾನೇ.

ಕೊಡಗೆಂದರೆ ತಂಪು ಬೆಟ್ಟಗಳ ನಾಡೆಂಬ ಕಲ್ಪನೆ ನಮ್ಮದು. ಆದರೆ ಮಾಕುಟ್ಟ, ಕರಿಕೆ, ಸಂಪಾಜೆಗಳು ಘಟ್ಟದ ಬುಡದ ಬೆಚ್ಚನೆಯ ಊರುಗಳು. ಮಾಕುಟ್ಟದ ರೋಗಿ ಇರಿಟ್ಟಿ, ಕಣ್ಣೂರಿಗೆ ಹೋದರೆ, ಕರಿಕೆಯವರು ಪಾಣತ್ತೂರು, ಕಾಞಂಗಾಡಿನತ್ತ ಇಳಿಯುತ್ತಾರೆ. ಸಂಪಾಜೆಯವರಿಗೆ ಸುಳ್ಯ, ಮಂಗಳೂರು ಅನುಕೂಲ. ಸೊಳ್ಳೆಗೆ ಹೆಚ್ಚು ಹಿತವಾದ ಈ ಮೂರು ಬಾಗಿಲುಗಳಿಂದಲೇ ಜಿಲ್ಲೆಯ ರೋಗಿಗಳು ಹೊರಗೆ ಹೋಗುತ್ತಾರೆ. ಮಡಿಕೇರಿಯಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದರೂ ಭೂಗೋಳ ಬದಲಾಗಿಲ್ಲ.

ಮಾದರಿ ಹೇಗೆ ಆಯ್ಕೆಯಾಯಿತೆಂದು ಕೇಳದೆ ಸರಾಸರಿಯನ್ನು ನಂಬಬಾರದೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆಸ್ಪತ್ರೆಯ ಅಂಕಿಅಂಶಕ್ಕೂ ಇದು ಅನ್ವಯಿಸುತ್ತದೆ. ದೇಶದ ಹಲವು ಆಸ್ಪತ್ರೆಗಳ ಅಧ್ಯಯನಗಳಲ್ಲಿ ಡೆಂಗಿಯಿಂದ ದಾಖಲಾದವರ ಪೈಕಿ ದುಡಿಯುವ ವಯಸ್ಸಿನ ಗಂಡಸರೇ ಹೆಚ್ಚು. ಆದರೆ ಈಡಿಸ್ ಸೊಳ್ಳೆ ಹಗಲಿನಲ್ಲಿ, ಮನೆಯ ಸುತ್ತಲೂ ಕಚ್ಚುವಂಥದು. ಹೆಂಗಸರಿಗೆ ಸೋಂಕು ಕಡಿಮೆಯೋ, ಅಥವಾ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವುದೇ ಕಡಿಮೆಯೋ ಎಂಬುದನ್ನು ಹಾಸಿಗೆಗಳ ಎಣಿಕೆ ಹೇಳಲಾರದು. ಜೊತೆಗೆ, ಎಲಿಸಾ ಪರೀಕ್ಷೆಯಲ್ಲಿ ದೃಢಪಟ್ಟದ್ದಷ್ಟೇ ಸರ್ಕಾರಿ ಲೆಕ್ಕದ ಖಚಿತ ಪ್ರಕರಣ. ಪೇಟೆಯ ಪ್ರಯೋಗಾಲಯದ ಕಾರ್ಡ್ ಪರೀಕ್ಷೆ ಅಲ್ಲಿಗೆ ಸಲ್ಲದು. ತೋಟದ ಲೈನ್‌ಮನೆಯ ಕೂಲಿಕಾರನ ವಿಳಾಸದ ಜಾಗದಲ್ಲಿ ದೂರದ ಸ್ವಂತ ಊರು ದಾಖಲಾದರೆ, ಸೊಳ್ಳೆ ಕಚ್ಚಿದ ಊರು ಕಾಗದದಿಂದಲೇ ಮಾಯವಾಗುತ್ತದೆ.

ಇದರ ಬೆಲೆ ತೆರುವವರು ಬಡವರು. ಡೆಂಗಿಯಲ್ಲಿ ಅಪಾಯ ಹೆಚ್ಚುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿನಲ್ಲಿ. ದಿನಗೂಲಿಯವನು ಗುಣವಾಯಿತೆಂದು ಕೆಲಸಕ್ಕೆ ಹೊರಡುವುದೂ ಆಗಲೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡಬಾರದೆಂದು ಹೇಳಲು ಯಾರಾದರೂ ಅವನ ಮನೆಗೆ ಹೋಗಬೇಕು. ಊರಿನಲ್ಲಿ ಡೆಂಗಿಯೇ ಇಲ್ಲವೆಂದು ವರದಿ ಹೇಳುವಾಗ ಯಾರು ಹೋಗುತ್ತಾರೆ?

ಸರ್ಕಾರ ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. 2024ರಲ್ಲಿ ಕರ್ನಾಟಕವು ಖಾಸಗಿ ಪರೀಕ್ಷಾ ದರಕ್ಕೆ ಮಿತಿ ವಿಧಿಸಿತು. ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿತು. ಆದರೆ ದಂಡ ಹಾಕುವವರು ಎಲ್ಲಿಗೆ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಮತ್ತೆ ಅದೇ ಲೆಕ್ಕ. ಅದೂ ಹಿಂದುಳಿದ ಲೆಕ್ಕ: ಸೊಳ್ಳೆ ಕಚ್ಚಿ 4ರಿಂದ 10 ದಿನಗಳ ಬಳಿಕ ಜ್ವರ, ಅನಂತರ ಪರೀಕ್ಷೆ, ಆಮೇಲೆ ವರದಿ. ಅಷ್ಟರೊಳಗೆ ಹೊಸ ಸೊಳ್ಳೆಗಳು ಹುಟ್ಟಿ ಹಾರಿರುತ್ತವೆ.

ಪರಿಹಾರ ದುಬಾರಿಯಲ್ಲ. ಆಸ್ಪತ್ರೆಯ ಚೀಟಿಯಲ್ಲಿ ವಿಳಾಸದ ಜೊತೆಗೆ ‘ಕಳೆದ ಎರಡು ವಾರ ಎಲ್ಲಿದ್ದಿರಿ?’ ಎಂಬ ಪ್ರಶ್ನೆಗೆ ಒಂದು ಸಾಲು ಇರಲಿ. ಕೊಡಗು, ದಕ್ಷಿಣ ಕನ್ನಡ, ಕಣ್ಣೂರು, ಕಾಸರಗೋಡು ಜಿಲ್ಲೆಗಳ ಆರೋಗ್ಯಾಧಿಕಾರಿಗಳು ವಾರಕ್ಕೊಮ್ಮೆ ಗ್ರಾಮವಾರು ಪಟ್ಟಿ ಹಂಚಿಕೊಳ್ಳಲಿ. ಗಡಿಗ್ರಾಮಗಳ ಅನುದಾನ ಪ್ರಕರಣಗಳ ಸಂಖ್ಯೆಗೆ ಕಾಯದೆ ಮೇ ತಿಂಗಳೊಳಗೆ ತಲುಪಲಿ. ಟ್ಯಾಪಿಂಗ್ ನಿಂತಾಗ ರಬ್ಬರ್ ಮರದ ಚಿಪ್ಪುಗಳನ್ನು ಬೋರಲು ಹಾಕುವುದು, ಬಿದ್ದ ಅಡಿಕೆ ಹಾಳೆಗಳನ್ನು ಹೆಕ್ಕುವುದು, ನೀರಿನ ಡ್ರಮ್ಮುಗಳನ್ನು ವಾರಕ್ಕೊಮ್ಮೆ ಉಜ್ಜಿ ಒಣಗಿಸುವುದು ಮಾಲೀಕರ ಹೊಣೆಯಾಗಲಿ.

ಇದು ಆಗದ ಮಾತೇನಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಭೀತಿಯಿಂದ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದೆವು. 2021ರಲ್ಲಿ ಅದೇ ತಪಾಸಣಾ ಠಾಣೆಯಲ್ಲಿ ನಿಂತು ಪ್ರಯಾಣಿಕರ ಪರೀಕ್ಷಾ ಪತ್ರಗಳನ್ನು ಒಂದೊಂದಾಗಿ ನೋಡಿದೆವು. ಜನರನ್ನು ತಡೆಯಲು ತೋರಿದ ಆ ಶ್ರದ್ಧೆಯಲ್ಲಿ ಅರ್ಧದಷ್ಟನ್ನು ಮಾಹಿತಿ ದಾಟಿಸಲು ತೋರಿದರೂ ಸಾಕು. ವರದಿಯಲ್ಲಿ ಸೊನ್ನೆ ಕಂಡ ಅಧಿಕಾರಿ ಸಹಿಗೆ ಮುನ್ನ ಒಮ್ಮೆ ಸೇತುವೆಯ ಆಚೆಗೂ ವಿಚಾರಿಸಲಿ. ನಾನು ವಿಚಾರಿಸಿರಲಿಲ್ಲ.