ಆರು ಕೀಲಿ ಒತ್ತಿ, ಹೋಗಿ ಮಲಗಿ!

ಎ, ಟಿ, ಎಸ್, ಸೊನ್ನೆ, ಸಮ ಚಿಹ್ನೆ, ಒಂದು. ಆಮೇಲೆ ಎಂಟರ್. ಅಷ್ಟೇ! ಹೇಳಿ ನೋಡೋಣ, ಏನಾಗುತ್ತದೆ?

ಪಾಸ್‌ವರ್ಡ್? ಅಲ್ಲ. ಲಾಟರಿ ನಂಬರ್? ಊಹೂಂ!

ಇನ್ನು ಮೇಲೆ ಫೋನ್ ಬಂದರೆ ಎತ್ತುವುದು ನೀವಲ್ಲ, ನಿಮ್ಮ ಹಳೇ ಡಯಲ್-ಅಪ್ ಮೋಡೆಮ್! ಒಂದೇ ರಿಂಗು. ಟಕ್! ಲೈನ್ ಹಿಡಿಯಿತು. ಕೀಽಽ ಎಂದು ಕೂಗಿತು. ಆ ಕಡೆಯ ಮೋಡೆಮ್ ಓಗೊಟ್ಟಿತು. ಶ್ರುತಿ ಕೂಡಿತೋ, ಪರದೆಯ ಮೇಲೆ ‘ಕನೆಕ್ಟ್’!

ಕೊನೆಯ ಒಂದರ ಬದಲು ನಾಲ್ಕು ಹಾಕಿ. ನಾಲ್ಕು ರಿಂಗ್ ಕಾಯುತ್ತದೆ, ಅಷ್ಟರಲ್ಲಿ ಮನೆಯವರು ಎತ್ತಿಕೊಳ್ಳಬಹುದು. ಸೊನ್ನೆ ಹಾಕಿ. ರಿಂಗಾಯಿತೆಂದು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ, ಲೈನ್ ಮಾತ್ರ ಮುಟ್ಟುವುದಿಲ್ಲ. ಎಂಥಾ ವಿಧೇಯ ಪೆಟ್ಟಿಗೆ!

ಇದು ಅಮೆರಿಕದ ಡೆನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್ ಭಾಷೆ. ಆ ಮೋಡೆಮಿನ ವೇಗ ಊಹಿಸಿ! ಸೆಕೆಂಡಿಗೆ 300 ಬಿಟ್. ಅಂದರೆ 30 ಅಕ್ಷರ! ಒಂದು ಪರದೆ ತುಂಬಲು ಒಂದು ನಿಮಿಷಕ್ಕೂ ಹೆಚ್ಚು. ನಿಮ್ಮ ಮೊಬೈಲಿನ 3 ಎಂಬಿ ಫೋಟೊ? 27 ಗಂಟೆ ದಾಟುತ್ತದೆ!

ಇಂಥ ಆಮೆ ನಡಿಗೆಯಲ್ಲಿ ಏನು ಸಾಧ್ಯ ಅಂತೀರಾ? ಷಿಕಾಗೊಗೆ ಬನ್ನಿ.

ಫೆಬ್ರುವರಿ 1978. ಸ್ಮಾರ್ಟ್‌ಮೋಡೆಮ್ ಇನ್ನೂ ಹುಟ್ಟಿಲ್ಲ. ಹಿಮಪಾತದಲ್ಲಿ ಊರೆಲ್ಲ ಮುಚ್ಚಿಹೋದಾಗ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಶುರು ಹಚ್ಚಿದ ಕೆಲಸ ಆ ತಿಂಗಳು ಸಿದ್ಧವಾಯಿತು. ಫೋನ್ ಎತ್ತಲು ಹೇಯ್ಸ್‌ನದೇ ಒಂದು ಮೋಡೆಮ್ ಕಾರ್ಡ್. ಕರೆ ಬಂದಾಗಲೆಲ್ಲ ಕಂಪ್ಯೂಟರ್ ತನ್ನ ತಂತ್ರಾಂಶವನ್ನು ಹೊಸದಾಗಿ ಲೋಡ್ ಮಾಡಿಕೊಂಡು ಅತಿಥಿಯನ್ನು ಬರಮಾಡಿಕೊಳ್ಳುತ್ತಿತ್ತು! ಅದೇ ಸಿಬಿಬಿಎಸ್, ಫೋನಿನಲ್ಲಿ ಓದಬಹುದಾದ ಸೂಚನಾ ಫಲಕ. ಒಂದು ಸಲಕ್ಕೆ ಒಬ್ಬರೇ. ಅದು ಮುಚ್ಚುವ ಹೊತ್ತಿಗೆ ಬಂದ ಕರೆಗಳೆಷ್ಟು?

ಸಾವಿರ? ಹತ್ತು ಸಾವಿರ? ಎರಡೂವರೆ ಲಕ್ಷಕ್ಕೂ ಹೆಚ್ಚು!

ನನ್ನನ್ನು ಕುಣಿಸಿದ ಸಂಗತಿ ಇನ್ನೂ ಬಾಕಿಯಿದೆ.

ಆಜ್ಞೆ ಹೋಗುವುದೂ ಮಾಹಿತಿ ಹೋಗುವುದೂ ಒಂದೇ ತಂತಿಯಲ್ಲಿ. ಹಾಗಿದ್ದರೆ ಯಾವುದು ತನಗೆ, ಯಾವುದು ಆಚೆಯವರಿಗೆ ಎಂದು ಮೋಡೆಮಿಗೆ ತಿಳಿಯುವುದು ಹೇಗೆ? ಯೋಚಿಸಿ!

ಇನ್ನು ಬರುವುದು ನಿನಗೆ ಎನ್ನಲು ಮೂರು ಕೂಡು ಚಿಹ್ನೆ: +++. ಅದಷ್ಟೇ ಸಾಲದು. ಮುಂಚೆ ಒಂದು ಸೆಕೆಂಡ್ ಮೌನ, ನಂತರ ಒಂದು ಸೆಕೆಂಡ್ ಮೌನ! ಪತ್ರದ ನಡುವೆ +++ ಬಂದರೂ ಸುತ್ತ ಮೌನವಿಲ್ಲ, ಹಾಗಾಗಿ ಮೋಡೆಮ್ ಮೋಸಹೋಗದು. ಏನೂ ಕಳಿಸದಿರುವುದೇ ಆಜ್ಞೆಯ ಭಾಗ! ಹೆದರಿಂಗ್ಟನ್ ಇದಕ್ಕೆ 1985ರಲ್ಲಿ ಪೇಟೆಂಟ್ ಪಡೆದೇಬಿಟ್ಟರು.

ಪೇಟೆಂಟಿಗೆ ದುಡ್ಡು ಕೊಡಲೊಲ್ಲದ ಕೆಲವರು ಮೌನವನ್ನೇ ಕೈಬಿಟ್ಟು ಮೋಡೆಮ್ ಮಾಡಿದರು. ಇಂಟರ್ನೆಟ್ ಬಂತು. ಕಿಲಾಡಿಗಳೂ ಬಂದರು. +++ ಜೊತೆಗೆ ಫೋನ್ ಇಡುವ ಆಜ್ಞೆಯನ್ನೂ ಸೇರಿಸಿ ಒಂದು ಪಿಂಗ್, ಅಂದರೆ ‘ಇದ್ದೀಯಾ?’ ಎಂಬ ಸಂದೇಶ, ಕಳಿಸಿದರು. ನಿಮ್ಮ ಕಂಪ್ಯೂಟರ್ ನಿಯಮದಂತೆ ಅದನ್ನೇ ಹಿಂದಿರುಗಿಸಿತು. ದಾರಿಯಲ್ಲಿದ್ದ ಅಗ್ಗದ ಮೋಡೆಮ್ ಅದನ್ನು ಓದಿ, ನನಗೇ ಹೇಳಿದ್ದಿರಬೇಕು ಎಂದುಕೊಂಡು, ನಿಮ್ಮ ಲೈನನ್ನು ತಾನೇ ಕತ್ತರಿಸಿತು. ಪರದೆಯ ಮೇಲೆ ‘ನೋ ಕ್ಯಾರಿಯರ್’!