ವಿಶ್ವಾಸಪತ್ರದ ಮೇಲಿನ ಸಹಿ: ಐರಿಷ್ ಸ್ವತಂತ್ರ ರಾಜ್ಯದ ಪ್ರಥಮ ದೂತ

ಒಳಾಡಳಿತವನ್ನು ತಾನೇ ನಡೆಸಿಕೊಂಡ ಮಾತ್ರಕ್ಕೆ ಒಂದು ದೇಶವು ಅನ್ಯರ ದೃಷ್ಟಿಯಲ್ಲಿ ರಾಷ್ಟ್ರವೆನಿಸುವುದಿಲ್ಲ. ಅದರ ದೂತನನ್ನು ಮತ್ತೊಂದು ರಾಷ್ಟ್ರವು ದೂತನೆಂದೇ ಬರಮಾಡಿಕೊಳ್ಳಬೇಕು. ಐರ್ಲೆಂಡಿನ ಚರಿತ್ರೆಯಲ್ಲಿ ಈ ವಿಷಯವು ಸ್ಪಷ್ಟವಾಗಿ ಕಾಣುವುದರಿಂದ ಅದನ್ನಿಲ್ಲಿ ಪರಿಶೀಲಿಸುತ್ತೇವೆ.

ಐರಿಷ್ ರಾಷ್ಟ್ರವಾದಿಗಳ ಪ್ರತಿನಿಧಿಸಭೆಯು 1919ರಲ್ಲಿಯೇ ಪ್ಯಾರಿಸ್ಸಿಗೆ ತನ್ನ ಪ್ರತಿನಿಧಿಯನ್ನು ಕಳುಹಿಸಿದ್ದಿತು. ಯಾವ ಪ್ರಬಲ ರಾಷ್ಟ್ರವೂ ಆತನಿಗೆ ಮನ್ನಣೆ ನೀಡಲಿಲ್ಲ. 1921ರ ಡಿಸೆಂಬರ್ 6ರ ಒಪ್ಪಂದವು ಐರ್ಲೆಂಡಿಗೆ ಕೆನಡಾದ ಸ್ಥಾನಮಾನವನ್ನು ಕೊಟ್ಟಿತು. ಸ್ವಾರಸ್ಯವಿರುವುದು ಇಲ್ಲಿಯೇ. ವಾಷಿಂಗ್ಟನ್ನಿನಲ್ಲಿ ಸ್ವಂತ ದೂತನನ್ನಿಡಲು ಕೆನಡಾಕ್ಕೆ 1920ರಲ್ಲಿ ಸಮ್ಮತಿ ದೊರೆತಿದ್ದರೂ ಅದು ಯಾರನ್ನೂ ನೇಮಿಸಿರಲಿಲ್ಲ. ಕೆನಡಾ ಬಳಸದೆ ಬಿಟ್ಟಿದ್ದ ಹಕ್ಕನ್ನು ಐರಿಷರು ಕೆನಡಾದ ಹೆಸರು ಹೇಳಿಯೇ ಬಳಸಿಕೊಂಡರು.

ಕಾರ್ಕ್ ನಗರದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಟಿಮೊಥಿ ಸ್ಮಿಡ್ಡಿಯವರು 1922ರಿಂದ ವಾಷಿಂಗ್ಟನ್ನಿನಲ್ಲಿ ಅಧಿಕೃತ ಮನ್ನಣೆಯಿಲ್ಲದೆ ಕೆಲಸ ಮಾಡುತ್ತಿದ್ದರು. 1924ರ ಅಕ್ಟೋಬರ್ 7ರಂದು ಅವರು ಅಧ್ಯಕ್ಷ ಕೂಲಿಡ್ಜರಿಗೆ ವಿಶ್ವಾಸಪತ್ರವನ್ನು ಒಪ್ಪಿಸಿದರು. ಡೊಮಿನಿಯನ್ನೊಂದು ಪರರಾಷ್ಟ್ರದಲ್ಲಿ ತನ್ನದೇ ದೂತನನ್ನು ನೆಲೆಗೊಳಿಸಿದುದು ಅದೇ ಮೊದಲು. ಆದರೆ ಪತ್ರದ ಮೇಲಿದ್ದುದು ಐದನೆಯ ಜಾರ್ಜ್ ದೊರೆಯ ಸಹಿ. ನೇಮಕದ ಪ್ರಸ್ತಾಪವು ಅಮೆರಿಕಕ್ಕೆ ಹೋದುದೂ ಬ್ರಿಟಿಷ್ ರಾಯಭಾರಿಯ ಮೂಲಕವೇ. ಐರ್ಲೆಂಡಿಗೆ ಮಾತ್ರ ಸಂಬಂಧಿಸಿದ ವಿಷಯಗಳು ಸ್ಮಿಡ್ಡಿಯವರ ಪಾಲಿಗೆ, ಇಡೀ ಚಕ್ರಾಧಿಪತ್ಯಕ್ಕೆ ಸಂಬಂಧಿಸಿದವು ಬ್ರಿಟಿಷ್ ರಾಯಭಾರಿಯ ಪಾಲಿಗೆ ಎಂದು ಹಂಚಿಕೆಯಾಯಿತು. ದೊರೆ ಒಬ್ಬನೇ, ಒಂದೇ ನಗರದಲ್ಲಿ ಆತನ ಹೆಸರಿನಲ್ಲಿ ಮಾತನಾಡುವವರು ಇಬ್ಬರು! ಇದರಿಂದ ಚಕ್ರಾಧಿಪತ್ಯದ ಏಕತೆಗೆ ಭಂಗವಿಲ್ಲವೆಂದು ಲಂಡನ್ ಹೇಳಿತು. ಆ ಸಮಾಧಾನವು ಅಮೆರಿಕಕ್ಕಿಂತ ಲಂಡನ್ನಿಗೇ ಹೆಚ್ಚು ಅಗತ್ಯವಾಗಿದ್ದಿತೆಂದು ನಮಗೆ ತೋರುತ್ತದೆ.

ಅದೇ ವರ್ಷ ಜುಲೈ 11ರಂದು 1921ರ ಒಪ್ಪಂದವು ಜಿನೀವಾದ ರಾಷ್ಟ್ರಸಂಘದಲ್ಲಿ ನೋಂದಣಿಯಾಗಿದ್ದಿತು. ಡೊಮಿನಿಯನ್ನುಗಳೊಡನೆ ತನಗಿರುವ ಸಂಬಂಧವು ಅಂತರರಾಷ್ಟ್ರೀಯವಲ್ಲವೆಂದು ಬ್ರಿಟನ್ ಆಕ್ಷೇಪಿಸಿದರೂ ನೋಂದಣಿ ಉಳಿಯಿತು.

1929ರಲ್ಲಿ ಪ್ಯಾರಿಸ್, ಬರ್ಲಿನ್, ವ್ಯಾಟಿಕನ್ನುಗಳಲ್ಲಿ ದೂತಾವಾಸಗಳು ಏರ್ಪಟ್ಟವು. 1931ರಲ್ಲಿ ಐರಿಷ್ ಮಂತ್ರಿಗಳು ದೊರೆಗೆ ನೇರವಾಗಿ ಸಲಹೆ ನೀಡುವ ಹಕ್ಕನ್ನೂ ತಮ್ಮದೇ ಮುದ್ರೆಯನ್ನೂ ಪಡೆದರು. ಅಲ್ಲಿಗೆ ಬ್ರಿಟಿಷ್ ಮಂತ್ರಿಗಳ ಮಧ್ಯಸ್ತಿಕೆ ತಪ್ಪಿತು; ದೊರೆಯ ಸಹಿ ತಪ್ಪಲಿಲ್ಲ.

ನಮ್ಮ ವಿದ್ಯಾರ್ಥಿಗಳು ಇದನ್ನು ಭಾರತದ ಸ್ಥಿತಿಯೊಡನೆ ಹೋಲಿಸಬಹುದು. 1941ರಲ್ಲಿ ವಾಷಿಂಗ್ಟನ್ನಿಗೆ ಹೋದ ಗಿರಿಜಾಶಂಕರ ಬಾಜಪೇಯಿಯವರು ಏಜೆಂಟ್ ಜನರಲ್ ಆಗಿದ್ದರೇ ಹೊರತು ರಾಯಭಾರಿಯಾಗಿರಲಿಲ್ಲ. ಆಸಫ್ ಅಲಿಯವರು 1947ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವು ತಿಂಗಳು ಮೊದಲೇ, ಪೂರ್ಣ ರಾಯಭಾರಿಯಾಗಿ ಅಲ್ಲಿಗೆ ಹೋದರು.

ಐರ್ಲೆಂಡಿನಲ್ಲಿ ಡಿ ವಲೇರಾ ಅವರ ಸರ್ಕಾರವು 1936ರಲ್ಲಿ ದೊರೆಯನ್ನು ಒಳಾಡಳಿತದಿಂದ ತೆಗೆದುಹಾಕಿತಾದರೂ ವಿದೇಶ ವ್ಯವಹಾರಕ್ಕೆ ಮಾತ್ರ ಉಳಿಸಿಕೊಂಡಿತು. ಐರಿಷ್ ದೂತರ ವಿಶ್ವಾಸಪತ್ರಗಳಿಗೆ ದೊರೆಯ ಬದಲು ಅಧ್ಯಕ್ಷರೇ ಸಹಿ ಹಾಕುವಂತಾದುದು 1949ರ ಏಪ್ರಿಲ್ 18ರಂದು ದೇಶವು ಗಣರಾಜ್ಯವೆನಿಸಿದ ಮೇಲೆ.